ಒಂದು ಗಲ್ಲಿ, ಹತ್ತು ಬೇರೆ ಚಿತ್ರ

ಪುಣೆಯಲ್ಲಿ ಅನಂತ ಚತುರ್ದಶಿಯ ದಿನ ಮಂಡೈಯಿಂದ ಹೊರಟ ವಿಸರ್ಜನಾ ಮೆರವಣಿಗೆ ಲಕ್ಷ್ಮಿ ರಸ್ತೆ ಹಿಡಿದು ಅಲ್ಕಾ ಚೌಕಕ್ಕೆ ಬರುವಷ್ಟರಲ್ಲಿ ದಾರಿಯುದ್ದಕ್ಕೂ ಸಾವಿರಾರು ಕ್ಯಾಮೆರಾಗಳು ಕೆಲಸ ಮಾಡಿರುತ್ತವೆ. ಕೇಸರಿ ಪೇಟ ಸುತ್ತಿದ ಹುಡುಗಿಯೊಬ್ಬಳು ಢೋಲ್ ಬಾರಿಸಲು ಕೋಲೆತ್ತಿದ ಒಂದೇ ಗಳಿಗೆಗೆ ನಿಮ್ಮ ಮೆಮೊರಿ ಕಾರ್ಡಿನಲ್ಲಿ ಮೂವತ್ತು ಫ್ರೇಮ್ ಕೂತಿರಬಹುದು. ಮನೆಗೆ ಬಂದು ತೆರೆದು ನೋಡಿದರೆ ಒಂದೂ ಕೆಟ್ಟಿಲ್ಲ. ಯಾವುದನ್ನು ಬಿಡುವುದೆಂದು ತೋಚದೆ ಎಲ್ಲವನ್ನೂ ಸ್ಟಾಕ್ ಫೋಟೊ ಏಜೆನ್ಸಿಗೆ ಕಳಿಸುತ್ತೀರಿ. ಕೆಲವು ದಿನಗಳಲ್ಲಿ ಉತ್ತರ ಬರುತ್ತದೆ: ಎರಡೋ ಮೂರೋ ಸ್ವೀಕೃತ, ಉಳಿದವೆಲ್ಲ ತಿರಸ್ಕೃತ. ಕಾರಣದ ಜಾಗದಲ್ಲಿ ಫೋಕಸ್ ತಪ್ಪಿದೆ ಎಂದಿರುವುದಿಲ್ಲ, ಬೆಳಕು ಸಾಲದು ಎಂದೂ ಇರುವುದಿಲ್ಲ. ಇದೇ ಬಗೆಯ ಚಿತ್ರವನ್ನು ಈಗಾಗಲೇ ಕಳಿಸಿದ್ದೀರಿ ಎಂದಿರುತ್ತದೆ.

ಹಿಂಜವಡಿ, ಖರಾಡಿ ಕಡೆಯ ಕಂಪನಿಗಳಲ್ಲಿ ಕೆಲಸ ಮಾಡುತ್ತ ಶನಿವಾರ, ಭಾನುವಾರ ಕ್ಯಾಮೆರಾ ಹೆಗಲಿಗೆ ಹಾಕಿ ಹೊರಡುವ ಕನ್ನಡಿಗರು ಪುಣೆಯಲ್ಲಿ ಕಡಿಮೆಯಿಲ್ಲ. ತೆಗೆದ ಚಿತ್ರಗಳಿಂದ ಲೆನ್ಸಿನ ಖರ್ಚಾದರೂ ಹುಟ್ಟಲಿ ಎಂದು ಆನ್‌ಲೈನ್ ಏಜೆನ್ಸಿಗಳಲ್ಲಿ ಖಾತೆ ತೆರೆದವರು ಮೊದಲು ಮುಗ್ಗರಿಸುವುದು ಈ ಪುನರಾವರ್ತನೆಯ ಕಲ್ಲಿಗೇ. ಇದನ್ನು ಕಂಪ್ಯೂಟರಿನ ಮುಂದೆ ಕೂತು ಬಗೆಹರಿಸಲು ಹೋದರೆ ಅರ್ಧ ಮಾತ್ರ ಬಗೆಹರಿಯುತ್ತದೆ. ಉಳಿದರ್ಧ ಚಿತ್ರ ತೆಗೆಯುವ ಜಾಗದಲ್ಲೇ, ಶಟರ್ ಒತ್ತುವ ಮೊದಲೇ ಆಗಬೇಕಾದ ಕೆಲಸ.

ಏಜೆನ್ಸಿಗಳು ಹೀಗೇಕೆ ಕಟ್ಟುನಿಟ್ಟಾದವು ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮುಂಬಯಿಯಲ್ಲಿ 1987ರಲ್ಲಿ ಜಗದೀಶ್ ಅಗರವಾಲ್ ಡಿನೋಡಿಯಾ ಸಂಸ್ಥೆ ಶುರುಮಾಡಿದಾಗ ಸ್ಟಾಕ್ ಚಿತ್ರವೆಂದರೆ ಕೈಯಲ್ಲಿ ಹಿಡಿಯಬಹುದಾದ ಪಾರದರ್ಶಿಕೆ. ಫಿಲ್ಮಿಗೆ ದುಡ್ಡು, ತೊಳೆಸಲು ದುಡ್ಡು. ಆ ಖರ್ಚೇ ಛಾಯಾಗ್ರಾಹಕನ ಬೆರಳನ್ನು ಹಿಡಿದು ನಿಲ್ಲಿಸುತ್ತಿತ್ತು. 2000ದಲ್ಲಿ ಕೆನಡಾದ ಐಸ್ಟಾಕ್, 2003ರಲ್ಲಿ ನ್ಯೂಯಾರ್ಕಿನ ಶಟರ್‌ಸ್ಟಾಕ್ ಬಂದ ಮೇಲೆ ಹವ್ಯಾಸಿಗಳಿಗೂ ಬಾಗಿಲು ತೆರೆಯಿತು. ಫೋಟೊಲಿಯಾವನ್ನು ಕೊಂಡ ಅಡೋಬಿ 2015ರಲ್ಲಿ ಅಡೋಬಿ ಸ್ಟಾಕ್ ಆರಂಭಿಸಿತು. ಡಿಜಿಟಲ್ ಕ್ಯಾಮೆರಾದಲ್ಲಿ ಇನ್ನೊಂದು ಫ್ರೇಮಿಗೆ ಖರ್ಚೇ ಇಲ್ಲ. ಹಾಗಾಗಿ ಈ ಸಂಗ್ರಹಗಳು ಕೋಟಿಗಟ್ಟಲೆ ಚಿತ್ರಗಳಿಗೆ ಬೆಳೆದವು. ಹೊಸದೇನನ್ನೂ ಹೇಳದ ಚಿತ್ರಗಳೂ ಅವುಗಳೊಳಗೆ ತುಂಬಿಕೊಂಡವು. ಗಣಪತಿಯ ಚಿತ್ರ ಹುಡುಕುವ ಜಾಹೀರಾತು ಕಂಪನಿಯ ಡಿಸೈನರ್‌ಗೆ ಮೊದಲ ಪುಟದಲ್ಲಿ ಒಂದೇ ಮೂರ್ತಿಯ ಇಪ್ಪತ್ತು ಪಡಿಯಚ್ಚು ಕಂಡರೆ ಆಕೆ ಬೇರೆ ಏಜೆನ್ಸಿಗೆ ಹೋಗುತ್ತಾಳೆ. ಏಜೆನ್ಸಿಯ ಭಯ ಅದು.

ನಿಮಗಾಗುವ ನಷ್ಟ ಇನ್ನೂ ನೇರ. ಶಟರ್‌ಸ್ಟಾಕ್ 2020ರ ಜೂನ್‌ನಿಂದ ಕೊಡುಗೆದಾರರಿಗೆ ಕೊಡುವ ಪಾಲನ್ನು ಶೇ 15ರಿಂದ ಶೇ 40ರವರೆಗಿನ ಮೆಟ್ಟಿಲುಗಳಾಗಿ ಮಾಡಿತು. ಪ್ರತಿ ಜನವರಿಗೆ ಎಲ್ಲರೂ ಮತ್ತೆ ಕೆಳಗಿನ ಮೆಟ್ಟಿಲಿಗೆ. ಕೆಲವು ಡೌನ್‌ಲೋಡ್‌ಗಳಿಗೆ ಸಿಗುವುದು ಹತ್ತು ಸೆಂಟ್ ಮಾತ್ರ. ಅಡೋಬಿ ಸ್ಟಾಕ್ ಫೋಟೊಗಳಿಗೆ ಕೊಡುವುದು ಶೇ 33. ಇಷ್ಟು ಸಣ್ಣ ಆದಾಯದ ವ್ಯವಹಾರದಲ್ಲಿ ನಿಮ್ಮ ನಿಜವಾದ ಬಂಡವಾಳ ಸಮಯ. ಒಂದು ಚಿತ್ರಕ್ಕೆ ಧೂಳಿನ ಕಲೆ ಅಳಿಸಿ, ಶೀರ್ಷಿಕೆ ಬರೆದು, ಕೀವರ್ಡ್ ತುಂಬಲು ತಗಲುವ ಹೊತ್ತನ್ನು ಒಂದೇ ದೃಶ್ಯದ ಮೂವತ್ತು ಪ್ರತಿಗಳ ಮೇಲೆ ಸುರಿದರೆ ಒಂದು ಭಾನುವಾರವೇ ಮುಗಿದುಹೋಗುತ್ತದೆ.

ಅಕಸ್ಮಾತ್ ಹತ್ತು ಪ್ರತಿಗಳೂ ಸ್ವೀಕೃತವಾದವು ಎನ್ನೋಣ. ಆಗಲೂ ಲಾಭವಿಲ್ಲ, ಏಕೆಂದರೆ ಅವು ಒಂದರೊಡನೊಂದು ಸ್ಪರ್ಧೆಗಿಳಿಯುತ್ತವೆ. ಒಂದೇ ಚಿತ್ರಕ್ಕೆ ಸೇರಬೇಕಿದ್ದ ಹತ್ತು ಡೌನ್‌ಲೋಡ್ ಹತ್ತು ಕಡೆ ಚದುರಿದರೆ, ಹುಡುಕಾಟದಲ್ಲಿ ಮೇಲಕ್ಕೇರುವ ಬಲ ಯಾವುದಕ್ಕೂ ಬರುವುದಿಲ್ಲ. ಬ್ರಿಟನ್ನಿನ ಅಲಾಮಿಯಲ್ಲಿ ಇದು ಇನ್ನೂ ಸ್ಪಷ್ಟ. ಅಲ್ಲಿ ನಿಮ್ಮ ಚಿತ್ರಗಳು ಎಷ್ಟು ಸಲ ಹುಡುಕಾಟದ ಪುಟದಲ್ಲಿ ಕಂಡವು, ಅವುಗಳಲ್ಲಿ ಎಷ್ಟನ್ನು ಖರೀದಿದಾರರು ತೆರೆದು ದೊಡ್ಡದಾಗಿ ನೋಡಿದರು ಎಂಬ ಲೆಕ್ಕ ನಿಮ್ಮ ಸ್ಥಾನ ನಿರ್ಧರಿಸುವುದರಲ್ಲಿ ಸೇರುತ್ತದೆ. ಒಂದೇ ಕಲ್ಲಿನ ರಥದ ಹದಿನೈದು ಚಿತ್ರ ಕಂಡು ಒಂದನ್ನಷ್ಟೇ ತೆರೆದರೆ ಉಳಿದ ಹದಿನಾಲ್ಕು ನಿಮ್ಮನ್ನು ಕೆಳಕ್ಕೆಳೆಯುತ್ತವೆ. ಅಲಾಮಿ ವಿಷಯ ನೋಡಿ ತಿರಸ್ಕರಿಸುವುದು ಕಡಿಮೆ, ಅದು ನೋಡುವುದು ತಾಂತ್ರಿಕ ಗುಣಮಟ್ಟ. ಹಾಗಾಗಿ ಅಲ್ಲಿ ಎಲ್ಲವೂ ಒಳಗೆ ಹೋಗುತ್ತದೆ ಎಂದು ಸಂತೋಷಪಡುವವರು ಈ ಲೆಕ್ಕವನ್ನು ಮರೆಯಬಾರದು.

ಶೀರ್ಷಿಕೆಯ ಪರೀಕ್ಷೆ

ಯಾವುದು ಬೇರೆ, ಯಾವುದು ಅದೇ? ಛಾಯಾಗ್ರಾಹಕನ ಕಣ್ಣಿಗೆ ಎರಡು ಫ್ರೇಮ್‌ಗಳ ನಡುವೆ ಭೂಮಿ ಆಕಾಶದ ವ್ಯತ್ಯಾಸ ಕಾಣುತ್ತದೆ. ಒಂದರಲ್ಲಿ ಗದ್ದ ತುಸು ಮೇಲಿದೆ, ಇನ್ನೊಂದರಲ್ಲಿ ಹಿಂದಿನ ಮನುಷ್ಯ ಸರಿದಿದ್ದಾನೆ. ಕೊಳ್ಳುವವನಿಗೆ ಇವು ಕಾಣುವುದೇ ಇಲ್ಲ. ಅವನಿಗೆ ಬೇಕಿರುವುದು ತನ್ನ ಪುಟಕ್ಕೆ, ತನ್ನ ಜಾಹೀರಾತಿಗೆ, ತನ್ನ ಪಠ್ಯಪುಸ್ತಕಕ್ಕೆ ಒದಗುವ ಒಂದು ಚಿತ್ರ.

ನಾನು ಎಲ್ಲರಿಗೂ ಹೇಳುವ ಒಂದು ಸರಳ ಪರೀಕ್ಷೆಯಿದೆ. ಆರಿಸಿದ ಪ್ರತಿ ಚಿತ್ರಕ್ಕೂ ಒಂದು ಶೀರ್ಷಿಕೆ ಬರೆಯಿರಿ, ಕ್ಯಾಮೆರಾದ ಮಾತು ಬರದಂತೆ. ‘ಹತ್ತಿರದ ನೋಟ’, ‘ಎಡದಿಂದ’, ‘ಇನ್ನೊಂದು ಕೋನ’ ಇವೆಲ್ಲ ನಿಷಿದ್ಧ. ಚಿತ್ರದಲ್ಲಿ ಏನಾಗುತ್ತಿದೆ, ಯಾರು, ಎಲ್ಲಿ, ಯಾವುದಕ್ಕಾಗಿ ಎಂಬುದನ್ನಷ್ಟೇ ಬರೆಯಬೇಕು. ‘ಢೋಲ್ ಬಾರಿಸುತ್ತಿರುವ ಯುವತಿ’ ಎಂದು ಎರಡು ಚಿತ್ರಗಳಿಗೂ ಬರೆಯಬೇಕಾಗಿ ಬಂದರೆ ಅವೆರಡೂ ಒಂದೇ ಚಿತ್ರ. ಚೆನ್ನಾಗಿರುವುದನ್ನು ಇಟ್ಟು ಇನ್ನೊಂದನ್ನು ಬಿಡಿ. ‘ಮೆರವಣಿಗೆಯ ನಡುವೆ ನೀರು ಕುಡಿದು ದಣಿವಾರಿಸಿಕೊಳ್ಳುತ್ತಿರುವ ವಾದಕಿ’, ‘ಸತತ ಬಾರಿಸಿ ಬೊಬ್ಬೆಯೆದ್ದ ಬೆರಳಿಗೆ ಪಟ್ಟಿ ಸುತ್ತಿಕೊಂಡ ಕೈ’, ‘ಢೋಲಿನ ಹಗ್ಗ ಬಿಗಿಯುತ್ತಿರುವ ಪಥಕದ ಸದಸ್ಯರು’ ಎಂದು ಬೇರೆ ಬೇರೆ ಬರೆಯಲು ಸಾಧ್ಯವಾದರೆ ಅವು ಬೇರೆ ಬೇರೆ ಚಿತ್ರಗಳು. ಪರಿಶೀಲಕನೂ ಹೆಚ್ಚುಕಮ್ಮಿ ಇದನ್ನೇ ನೋಡುತ್ತಾನೆ.

ಕೊಳ್ಳುವವನು ತಾನೇ ಮಾಡಿಕೊಳ್ಳಬಹುದಾದ ಬದಲಾವಣೆಯನ್ನು ನೀವು ಹೊಸ ಚಿತ್ರವೆಂದು ಕಳಿಸುವಂತಿಲ್ಲ. ಬಣ್ಣದ ಚಿತ್ರದ ಕಪ್ಪು ಬಿಳುಪು ರೂಪ, ಎಡ ಬಲ ತಿರುಗಿಸಿದ ರೂಪ, ಅದೇ ಫೈಲಿನಿಂದ ಕತ್ತರಿಸಿದ ಭಾಗ, ಬೇರೆ ಫಿಲ್ಟರ್ ಹಾಕಿದ ಪ್ರತಿ ಇವೆಲ್ಲ ಆ ಗುಂಪಿಗೆ ಸೇರುತ್ತವೆ. ಆದರೆ ಅಡ್ಡ ಚೌಕಟ್ಟಿನಲ್ಲಿ ತೆಗೆದ ಮೇಲೆ ನಾಲ್ಕು ಹೆಜ್ಜೆ ನಡೆದು, ಮೇಲೆ ಅಕ್ಷರ ಹಾಕಲು ಆಕಾಶವನ್ನು ಖಾಲಿ ಬಿಟ್ಟು, ಉದ್ದ ಚೌಕಟ್ಟಿನಲ್ಲಿ ಹೊಸದಾಗಿ ಸಂಯೋಜಿಸಿದ್ದು ಬೇರೆಯೇ. ಪತ್ರಿಕೆಯ ಮುಖಪುಟಕ್ಕೂ ಮೊಬೈಲ್ ಜಾಹೀರಾತಿಗೂ ಉದ್ದ ಚಿತ್ರವೇ ಬೇಕು, ಅಡ್ಡ ಚಿತ್ರ ಕತ್ತರಿಸಿದರೆ ಅಷ್ಟು ಪಿಕ್ಸೆಲ್ ಉಳಿಯುವುದಿಲ್ಲ. ಒಂದು ದೃಶ್ಯಕ್ಕೆ ಒಂದು ಅಡ್ಡ, ಒಂದು ಉದ್ದ ಎಂದುಕೊಂಡರೆ ಸಾಮಾನ್ಯವಾಗಿ ತೊಂದರೆಯಾಗದು.

ತಾಂಬಟ್ ಆಳಿಯಲ್ಲಿ ಒಂದು ಬೆಳಗು

ಮಾತಿನಲ್ಲಿ ಹೇಳುವುದಕ್ಕಿಂತ ಒಂದು ಜಾಗಕ್ಕೆ ಹೋಗಿ ನೋಡುವುದು ಒಳ್ಳೆಯದು. ಕಸಬಾ ಪೇಟೆಯಲ್ಲಿ ತಾಂಬಟ್ ಆಳಿ ಎಂಬ ಗಲ್ಲಿಯಿದೆ. ಪೇಶ್ವೆಯರ ಕಾಲದಿಂದ ತಾಮ್ರದ ಕೆಲಸ ಮಾಡುತ್ತ ಬಂದ ಕುಟುಂಬಗಳು ಅಲ್ಲಿ ಇನ್ನೂ ಸುತ್ತಿಗೆ ಹಿಡಿಯುತ್ತವೆ. ಗಲ್ಲಿಗೆ ಕಾಲಿಡುವ ಮೊದಲೇ ಸದ್ದು ಕೇಳುತ್ತದೆ. ಕ್ಯಾಮೆರಾ ಹಿಡಿದವರು ಸಾಮಾನ್ಯವಾಗಿ ಮೊದಲು ಕಂಡ ಕುಶಲಕರ್ಮಿಯ ಮುಂದೆ ಕೂತು, ಸುತ್ತಿಗೆ ಮೇಲೆದ್ದಾಗ, ಇಳಿದಾಗ, ಮಧ್ಯದಲ್ಲಿದ್ದಾಗ ಎಂದು ನೂರು ಫ್ರೇಮ್ ತೆಗೆದು ಎದ್ದು ಬರುತ್ತಾರೆ. ಆ ನೂರರಲ್ಲಿ ಮಾರಾಟಕ್ಕೆ ಒಂದೇ ಚಿತ್ರವಿರುತ್ತದೆ.

ಅಲ್ಲೇ ಅರ್ಧ ದಿನ ಕಳೆಯುವ ಮನಸ್ಸಿದ್ದರೆ ಕೆಲಸವನ್ನು ಮೊದಲು ಕಣ್ಣಿನಿಂದ ನೋಡಿ. ತಾಮ್ರದ ತಗಡನ್ನು ಬಡಿಯುತ್ತ ಹೋದಂತೆ ಅದು ಗಡಸಾಗುತ್ತದೆ, ಆಮೇಲೆ ಬಡಿದರೆ ಬಿರಿಯುತ್ತದೆ. ಅದಕ್ಕೇ ಬೆಂಕಿಯಲ್ಲಿ ಕಾಯಿಸಿ ಮತ್ತೆ ಮೆದು ಮಾಡುತ್ತಾರೆ. ಕಾಯಿಸಿದಾಗ ಮೇಲ್ಮೈ ಕಪ್ಪಾಗುತ್ತದೆ. ಹುಳಿ ಹಾಕಿ ಉಜ್ಜಿದರೆ ಕೆಂಪು ಹೊಳಪು ಮರಳುತ್ತದೆ. ಕೊನೆಗೆ ಹೊಳಪಿನ ಸುತ್ತಿಗೆಯಿಂದ ಸಾಲಾಗಿ ಒಂದೇ ಸಮನೆ ಗುಳಿಗಳನ್ನು ಮೂಡಿಸುತ್ತಾರೆ. ಅದಕ್ಕೆ ಅಲ್ಲಿಯವರು ಮಠಾರಕಾಮ್ ಎನ್ನುತ್ತಾರೆ. ಅದು ಅಲಂಕಾರವೂ ಹೌದು, ಪಾತ್ರೆಗೆ ಬಲವೂ ಹೌದು.

ಈ ತಿಳಿವಳಿಕೆ ಕೈಯಲ್ಲಿದ್ದರೆ ಚಿತ್ರಗಳು ತಾವೇ ಬೇರೆಯಾಗುತ್ತವೆ. ಉರಿಯಲ್ಲಿ ಕೆಂಪಾಗುತ್ತಿರುವ ತಗಡು ಕೈಗಾರಿಕೆಯ ಲೇಖನಕ್ಕೆ. ಕಪ್ಪಾದ ಪಾತ್ರೆಯ ಪಕ್ಕ ಉಜ್ಜಿದ ಪಾತ್ರೆ ಶಾಲೆಯ ರಸಾಯನಶಾಸ್ತ್ರದ ಪಾಠಕ್ಕೆ. ಗುಳಿಗಳ ಸಾಲಷ್ಟೇ ಚೌಕಟ್ಟು ತುಂಬಿದ ಚಿತ್ರ ಹಿನ್ನೆಲೆಯಾಗಿ ಡಿಸೈನರ್‌ಗೆ. ಮುಖವಿಲ್ಲ, ಬ್ರ್ಯಾಂಡ್ ಇಲ್ಲ, ಹಾಗಾಗಿ ಯಾವ ಒಪ್ಪಿಗೆ ಪತ್ರದ ಗೊಡವೆಯೂ ಇಲ್ಲ. ಕೈ ಮತ್ತು ಸುತ್ತಿಗೆ ಮಾತ್ರವಿರುವ ಚಿತ್ರ ದುಡಿಮೆಯ ಬಗ್ಗೆ ಬರೆಯುವ ಯಾರಿಗಾದರೂ. ಗೋಡೆಗೆ ಒರಗಿಸಿಟ್ಟ ಉಪಕರಣಗಳ ಸಾಲು. ನೀರು ಕಾಯಿಸುವ ಹಂಡೆಗಳ ರಾಶಿ. ಕಲಾಯಿ ಹಾಕಿಸಲು ತಂದ ಹಳೆಯ ಪಾತ್ರೆ ಸಿಕ್ಕರೆ, ಒಳಗೆ ಬೆಳ್ಳಗೆ ಹೊರಗೆ ಕೆಂಪಗೆ ಕಾಣುವ ಅದರ ಬಾಯಿ. ಕುಶಲಕರ್ಮಿ ಕ್ಯಾಮೆರಾದತ್ತ ನೇರ ನೋಡುವ ಭಾವಚಿತ್ರ, ಪಕ್ಕದಲ್ಲಿ ಅಕ್ಷರಕ್ಕೆ ಜಾಗ ಬಿಟ್ಟು, ಸಹಿ ಮಾಡಿದ ಒಪ್ಪಿಗೆಯೊಂದಿಗೆ. ಹಳೆಯ ಮನೆಗಳ ನಡುವಿನ ಇಡೀ ಗಲ್ಲಿ. ಕೊನೆಯದಾಗಿ ಅಲ್ಲಿಂದ ಕೊಂಡು ತಂದ ತಾಮ್ರದ ಚೊಂಬು ನಿಮ್ಮ ಅಡುಗೆಮನೆಯ ಕಿಟಕಿಯ ಬೆಳಕಿನಲ್ಲಿ, ನೀರು ತುಂಬಿ. ಹತ್ತು ಚಿತ್ರಕ್ಕೆ ಹತ್ತು ಶೀರ್ಷಿಕೆ, ಕೊಳ್ಳುವವರೂ ಹತ್ತು ಬಗೆ.

ಒಂದು ಮಾತು ಇಲ್ಲಿ ಹೇಳಲೇಬೇಕು. ಅವರ ಕೆಲಸದ ಹೊತ್ತನ್ನು ನೀವು ತೆಗೆದುಕೊಳ್ಳುತ್ತಿದ್ದೀರಿ. ಚಿತ್ರವನ್ನು ಮಾರುವುದಕ್ಕೆಂದೇ ತೆಗೆಯುತ್ತಿರುವುದಾಗಿ ಮೊದಲೇ ತಿಳಿಸಿ, ಒಪ್ಪಿಗೆ ಪತ್ರವನ್ನು ಮರಾಠಿಯಲ್ಲಿ ವಿವರಿಸಿ, ಅವರ ಹೊತ್ತಿಗೆ ಸಲ್ಲಬೇಕಾದ್ದನ್ನು ಕೊಡಿ, ಮುದ್ರಿಸಿದ ಪ್ರತಿಯೊಂದನ್ನು ಮುಂದಿನ ಸಲ ಒಯ್ಯಿರಿ. ಅಡೋಬಿ, ಶಟರ್‌ಸ್ಟಾಕ್ ಎರಡೂ ಜಾಹೀರಾತು ಬಳಕೆಯ ಚಿತ್ರದಲ್ಲಿ ಗುರುತು ಸಿಗುವ ಮುಖವಿದ್ದರೆ ಮಾಡೆಲ್ ರಿಲೀಸ್ ಕೇಳುತ್ತವೆ. ಅದು ಕಾಗದದ ಮಾತು. ಅವರ ಮುಖ ಯಾವ ಕಂಪನಿಯ ಜಾಹೀರಾತಿಗೂ ಹೋಗಬಹುದೆಂಬುದನ್ನು ತಿಳಿದೇ ಅವರು ಸಹಿ ಹಾಕಬೇಕು ಎಂಬುದು ಮನುಷ್ಯತ್ವದ ಮಾತು.

ಭಿಗ್ವಣದ ಹಕ್ಕಿಗಳು

ಪುನರಾವರ್ತನೆ ಅತಿ ಹೆಚ್ಚಾಗುವುದು ಹಕ್ಕಿ ಚಿತ್ರಗಳಲ್ಲಿ. ಪುಣೆಯಿಂದ ಸೊಲ್ಲಾಪುರದ ದಾರಿಯಲ್ಲಿ ಸುಮಾರು ನೂರು ಕಿಲೋಮೀಟರ್ ಹೋದರೆ ಭಿಗ್ವಣ. ಭೀಮಾ ನದಿಗೆ ಕಟ್ಟಿದ ಉಜನಿ ಅಣೆಕಟ್ಟಿನ ಹಿನ್ನೀರು ಅಲ್ಲಿ ಹರಡಿಕೊಂಡಿದೆ. ಅದೇ ಭೀಮೆ ಮುಂದೆ ವಿಜಯಪುರ, ಕಲಬುರಗಿ ಸೀಮೆಗಳನ್ನು ಹಾದು ಕೃಷ್ಣೆಯನ್ನು ಸೇರುತ್ತಾಳೆ. ಚಳಿಗಾಲದಲ್ಲಿ ಫ್ಲೆಮಿಂಗೊಗಳು, ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಕುಂಭಾರಗಾಂವ್‌ನಿಂದ ಮೀನುಗಾರರೇ ದೋಣಿಯಲ್ಲಿ ಕರೆದೊಯ್ಯುತ್ತಾರೆ.

ಈಗಿನ ಕ್ಯಾಮೆರಾಗಳ ಬರ್ಸ್ಟ್ ಮೋಡ್ ಸೆಕೆಂಡಿಗೆ ಇಪ್ಪತ್ತು ಫ್ರೇಮ್ ತೆಗೆಯಬಲ್ಲದು. ಫ್ಲೆಮಿಂಗೊ ಹಾರಲು ನೀರಿನ ಮೇಲೆ ಓಡುವ ಎರಡು ಸೆಕೆಂಡಿಗೆ ನಲವತ್ತು ಚಿತ್ರ. ಬರ್ಸ್ಟ್ ಬಳಸುವುದು ತಪ್ಪಲ್ಲ, ಸರಿಯಾದ ರೆಕ್ಕೆಯ ನಿಲುವು ಸಿಗಲು ಅದು ಬೇಕೇ ಬೇಕು. ಆದರೆ ಬರ್ಸ್ಟ್ ಎಂದರೆ ಆರಿಸಿಕೊಳ್ಳಲು ಸಿಕ್ಕ ರಾಶಿ, ಕಳಿಸಬೇಕಾದ ಸರಕು ಬೇರೆ. ಒಂದು ಓಟದಿಂದ ಒಂದು, ಹೆಚ್ಚೆಂದರೆ ಎರಡು: ಕಾಲು ನೀರಿನಲ್ಲಿ ಚಿಮ್ಮುತ್ತಿರುವುದು ಒಂದು, ಗಾಳಿಯಲ್ಲಿ ಪೂರ್ತಿ ಚಾಚಿದ ದೇಹ ಇನ್ನೊಂದು. ಅಷ್ಟು ಸಿಕ್ಕ ಮೇಲೆ ಟೆಲಿ ಲೆನ್ಸನ್ನು ಕೆಳಗಿಡಿ. ದೂರದಲ್ಲಿ ಗುಲಾಬಿ ಗೆರೆಯಂತೆ ಕಾಣುವ ಇಡೀ ಹಿಂಡು, ಮುಂದೆ ಮೀನುಗಾರನ ದೋಣಿ. ಕೊಕ್ಕು ತಲೆಕೆಳಗಾಗಿ ಕೆಸರು ಸೋಸುವ ಬಗೆ. ಬೂದು ಬಣ್ಣದ ಮರಿಯ ಜೊತೆ ಗುಲಾಬಿ ಬಣ್ಣದ ದೊಡ್ಡ ಹಕ್ಕಿ. ದಡದಲ್ಲಿ ದುರ್ಬೀನು ಹಿಡಿದ ಮಕ್ಕಳು. ಬಲೆ ಒಣಗಿಸುವ ಹೆಂಗಸರು. ಪರಿಸರ, ಪ್ರವಾಸ, ಜೀವಶಾಸ್ತ್ರ, ಮೀನುಗಾರಿಕೆ ಹೀಗೆ ನಾಲ್ಕು ಬೇರೆ ಹುಡುಕಾಟಗಳಿಗೆ ಇವು ಉತ್ತರ. ಹಾರುವ ಚಿತ್ರ ಬೇಕೆಂದು ದೋಣಿಯವನಿಗೆ ಹಕ್ಕಿಗಳ ಹತ್ತಿರ ನುಗ್ಗಲು ಹೇಳುವುದು ಮಾತ್ರ ಬೇಡವೇ ಬೇಡ. ದೂರ ಹಾರಿಬಂದ ಹಕ್ಕಿಗೆ ಅಲ್ಲಿ ಸಿಗಬೇಕಾದ್ದು ಮೇವು ಮತ್ತು ವಿಶ್ರಾಂತಿ.

ಎರಡು ಹಬ್ಬಗಳ ಮನೆ

ಹೊರಗೆ ಹೋಗದೆಯೂ ಬೇರೆಯದನ್ನು ಕೊಡುವ ಅನುಕೂಲ ಪುಣೆಯ ಕನ್ನಡ ಮನೆಗಳಿಗಿದೆ, ಅದನ್ನು ಬಳಸಿಕೊಳ್ಳುವವರು ಕಡಿಮೆ ಎಂಬುದು ನನ್ನ ಕೊರಗು. ಯುಗಾದಿಯ ದಿನವೇ ಗುಡಿ ಪಾಡ್ವಾ. ಎದುರಿನ ಫ್ಲ್ಯಾಟಿನ ಬಾಲ್ಕನಿಯಲ್ಲಿ ರೇಷ್ಮೆ ಬಟ್ಟೆ, ಬೇವಿನ ಸೊಪ್ಪು, ಸಕ್ಕರೆ ಹಾರ, ಮೇಲೆ ಬೋರಲು ಹಾಕಿದ ತಂಬಿಗೆಯ ಗುಡಿ. ನಿಮ್ಮ ಅಡುಗೆಮನೆಯಲ್ಲಿ ಬೇವು ಬೆಲ್ಲ, ಒಬ್ಬಟ್ಟು. ಸಂಕ್ರಾಂತಿಗೆ ಅವರದು ಎಳ್ಳುಂಡೆ, ನಿಮ್ಮದು ಎಳ್ಳು, ಕೊಬ್ಬರಿ, ಕಡಲೆಬೀಜ, ಸಕ್ಕರೆ ಅಚ್ಚು ಸೇರಿದ ಎಳ್ಳುಬೆಲ್ಲದ ತಟ್ಟೆ. ಗೌರಿ ಹಬ್ಬವಂತೂ ಇನ್ನೂ ವಿಶೇಷ. ನಮ್ಮ ಸ್ವರ್ಣಗೌರಿ ಗಣಪತಿಗಿಂತ ಒಂದು ದಿನ ಮೊದಲು ಬರುತ್ತಾಳೆ, ಮೊರದ ಬಾಗಿನದೊಂದಿಗೆ. ಅಂದು ಮರಾಠಿ ಮನೆಗಳಲ್ಲಿ ಹರತಾಲಿಕಾ ವ್ರತ. ಅವರ ಗೌರಿಯರು ಬರುವುದು ಗಣಪತಿ ಬಂದ ಮೇಲೆ, ಅನುರಾಧಾ ನಕ್ಷತ್ರದಲ್ಲಿ.

ಗಣೇಶನ ಮೂರ್ತಿಯ ಚಿತ್ರಗಳಿಂದ ಏಜೆನ್ಸಿಗಳು ತುಂಬಿವೆ. ಬಾಗಿನದ ಮೊರದೊಳಗೆ ಏನೇನಿರುತ್ತದೆ ಎಂಬುದನ್ನು ಸರಿಯಾದ ಹೆಸರಿನೊಂದಿಗೆ ಮೇಲಿಂದ ತೆಗೆದ ಚಿತ್ರ ಎಷ್ಟಿದೆ, ನೀವೇ ಹುಡುಕಿ ನೋಡಿ. ಕೈಗಳಷ್ಟೇ ಕಾಣುವ ಹಾಗೆ ತೆಗೆದರೆ ಮುಖದ ಒಪ್ಪಿಗೆಯೂ ಬೇಕಾಗದು. ಮೋದಕ ಅಥವಾ ಹೋಳಿಗೆ ಮಾಡುವ ಹಂತಗಳನ್ನು ಸಾಲಾಗಿ ತೆಗೆಯುವುದೂ ಪುನರಾವರ್ತನೆಯಾಗದು, ಏಕೆಂದರೆ ಕಣಕ ನಾದುವುದು, ಹೂರಣ ತುಂಬುವುದು, ತಟ್ಟುವುದು, ಬೇಯಿಸುವುದು ಬೇರೆ ಬೇರೆ ಕ್ರಿಯೆಗಳು. ಹಂತಕ್ಕೆ ಒಂದೇ ಚಿತ್ರ, ಶೀರ್ಷಿಕೆಯಲ್ಲಿ ಆ ಹಂತದ ಹೆಸರು ಇರಬೇಕು.

ಮನೆಯವರನ್ನೇ ಮಾಡೆಲ್ ಮಾಡಿಕೊಂಡು ತೆಗೆಯುವವರಿಗೂ ಇದೇ ತೊಡಕು ಬರುತ್ತದೆ. ಅದೇ ಸೋಫಾ, ಅದೇ ಲ್ಯಾಪ್‌ಟಾಪ್, ನಗುವಿನ ಅರವತ್ತು ಬಗೆ. ನಗು ಬದಲಿಸುವ ಬದಲು ಸಂದರ್ಭ ಬದಲಿಸಿ. ಅಜ್ಜಿ ಕನ್ನಡಕ ಏರಿಸಿಕೊಂಡು ಮಾತ್ರೆಯ ಪಟ್ಟಿ ಓದುವುದು, ಗಂಡ ಹೆಂಡತಿ ಮನೆ ಸಾಲದ ಕಾಗದ ಹರಡಿಕೊಂಡು ಲೆಕ್ಕ ಹಾಕುವುದು, ಮಗಳು ಫೋನಿನಲ್ಲಿ ಪರೀಕ್ಷೆಯ ಫಲಿತಾಂಶ ನೋಡುವ ಗಳಿಗೆ, ತರಕಾರಿ ಗಾಡಿಯ ಮುಂದೆ ಅಪ್ಪ ಯುಪಿಐನಲ್ಲಿ ದುಡ್ಡು ಕೊಡುವುದು. ಈ ಕೊನೆಯದರಲ್ಲಿ ಕ್ಯೂಆರ್ ಕೋಡ್, ಹೆಸರು, ಕಂಪನಿಯ ಲಾಂಛನ ಎಲ್ಲ ಅಳಿಸಬೇಕು.

ಹೊರಡುವ ಮೊದಲು, ಬಂದ ಮೇಲೆ

ಹೆಸರಾದ ಜಾಗಕ್ಕೆ ಹೋಗುವ ಮುನ್ನ ಆ ಹೆಸರನ್ನು ಏಜೆನ್ಸಿಯಲ್ಲಿ ಹುಡುಕಿ ಮೊದಲ ಮೂರು ಪುಟ ನೋಡಿ. 1732ರಲ್ಲಿ ಗೃಹಪ್ರವೇಶವಾದ ಶನಿವಾರವಾಡಾ ಎಂದರೆ ದಿಲ್ಲಿ ದರವಾಜಾದ ಮುಂಭಾಗ, ಮತ್ತದೇ ಮುಂಭಾಗ. ಆನೆ ಗುದ್ದಿ ಒಡೆಯದಿರಲೆಂದು ಬಾಗಿಲಿಗೆ ಬಡಿದ ಮೊನಚು ಮೊಳೆಗಳು, 1828ರ ಬೆಂಕಿಯ ನಂತರ ಉಳಿದ ಕಟ್ಟಡಗಳ ತಳಪಾಯ, ಹಜಾರಿ ಕಾರಂಜಿ ಎಂಬ ಕಮಲದಾಕಾರದ ಕೊಳ, ಗೋಡೆಯ ನೆರಳಿನಲ್ಲಿ ಓದುವ ವಿದ್ಯಾರ್ಥಿ ಇವುಗಳ ಕಡೆ ತಿರುಗಿ. ಜಂಗ್ಲಿ ಮಹಾರಾಜ್ ರಸ್ತೆಯ ಪಾತಾಳೇಶ್ವರ ಗುಹಾಲಯಕ್ಕೆ ಹೋದರೆ ಅದರ ದುಂಡನೆಯ ನಂದಿ ಮಂಟಪವನ್ನಷ್ಟೇ ತೆಗೆದು ಸುಮ್ಮನಾಗಬೇಡಿ. ಅದು ರಾಷ್ಟ್ರಕೂಟರ ಕಾಲದ್ದೆಂಬುದನ್ನು ವಿವರಣೆಯಲ್ಲಿ ಬರೆದರೆ ಮಳಖೇಡದ ಅರಸರ ಬಗ್ಗೆ ಪುಸ್ತಕ ಮಾಡುವವರಿಗೂ ನಿಮ್ಮ ಚಿತ್ರ ಸಿಗುತ್ತದೆ. ಮಂಡೈಯೂ ಹಾಗೆಯೇ. 1886ರ ಎಂಟು ಮೂಲೆಯ ಗೋಪುರ ಎಲ್ಲರೂ ತೆಗೆಯುತ್ತಾರೆ, ಅದರ ಕೆಳಗೆ ಎತ್ತರದ ಕಟ್ಟೆಯ ಮೇಲೆ ಕೂತು ತೂಗುವವರ ಜಗತ್ತು ಬೇರೆ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡಿಗೆ ಅನುಮತಿ ಬೇಕು. ಲೋಹಗಾಂವ್ ವಿಮಾನ ನಿಲ್ದಾಣ ವಾಯುಪಡೆಯ ನೆಲೆಯೂ ಹೌದು, ಖಡಕ್‌ವಾಸ್ಲಾದಲ್ಲಿ ರಕ್ಷಣಾ ಅಕಾಡೆಮಿಯಿದೆ; ಆ ಕಡೆಗಳಲ್ಲಿ ಡ್ರೋನ್ ಹಾರಿಸುವ ಯೋಚನೆಯೇ ಬೇಡ.

ಮನೆಗೆ ಬಂದ ಮೇಲೆ ಅಂದೇ ಆರಿಸಲು ಕೂರಬೇಡಿ. ಬಿಸಿಲಲ್ಲಿ ಪಟ್ಟ ಶ್ರಮ ಇನ್ನೂ ಮೈಮೇಲಿರುವಾಗ ಎಲ್ಲ ಚಿತ್ರವೂ ಮುದ್ದಾಗಿಯೇ ಕಾಣುತ್ತದೆ. ಎರಡು ಮೂರು ದಿನ ಬಿಟ್ಟು ಲೈಟ್‌ರೂಮ್‌ನಲ್ಲಿ ತೆರೆಯಿರಿ. ತೆಗೆದ ಹೊತ್ತಿನ ಆಧಾರದ ಮೇಲೆ ಹತ್ತಿರ ಹತ್ತಿರದ ಫ್ರೇಮ್‌ಗಳನ್ನು ಅದು ತಾನೇ ಕಟ್ಟುಗಳಾಗಿ ಜೋಡಿಸಬಲ್ಲದು. ಪ್ರತಿ ಕಟ್ಟಿನ ಚಿತ್ರಗಳನ್ನು ಒಟ್ಟಿಗೆ ಪರದೆಯ ಮೇಲೆ ಹರಡಿ, ಬೇಡದ್ದನ್ನು ಒಂದೊಂದಾಗಿ ತೆಗೆಯುತ್ತ ಹೋಗಿ. ಚಿತ್ರ ಕಡಿಮೆಯಾದಂತೆ ಉಳಿದವು ದೊಡ್ಡದಾಗುತ್ತವೆ, ಕೊನೆಗೆ ಒಂದೇ ಉಳಿಯಬೇಕು. ಎಲ್ಲ ಕಟ್ಟುಗಳೂ ಮುಗಿದ ಮೇಲೆ ಗೆದ್ದವನ್ನು ಅಕ್ಕಪಕ್ಕ ಇಟ್ಟು ಶೀರ್ಷಿಕೆಯ ಪರೀಕ್ಷೆ ಮಾಡಿ.

ಉಳಿದ ಪ್ರತಿಗಳನ್ನು ವಾರಕ್ಕೆ ಒಂದರಂತೆ ಕಳಿಸಿದರೆ ಗೊತ್ತಾಗದು ಎಂಬ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. ಕೇಳಬೇಡಿ. ಹೊಸದನ್ನು ಹೋಲಿಸುವುದು ಆ ದಿನದ ಕಟ್ಟಿನೊಂದಿಗಷ್ಟೇ ಅಲ್ಲ, ನೀವು ಮೊದಲು ಕಳಿಸಿದ್ದರೊಂದಿಗೂ. ತಿರಸ್ಕೃತವಾದದ್ದನ್ನು ತುಸು ಕತ್ತರಿಸಿ, ಬಣ್ಣ ಬದಲಿಸಿ ಮತ್ತೆ ಮತ್ತೆ ಕಳಿಸುವುದು, ಅದೇ ಏಜೆನ್ಸಿಯಲ್ಲಿ ಇನ್ನೊಂದು ಖಾತೆ ತೆರೆದು ಹಾಕುವುದು ಖಾತೆಯನ್ನೇ ಮುಚ್ಚಿಸಬಲ್ಲ ದಾರಿಗಳು. ಒಂದೇ ಚಿತ್ರವನ್ನು ಅಡೋಬಿಗೂ ಶಟರ್‌ಸ್ಟಾಕ್‌ಗೂ ಅಲಾಮಿಗೂ ಕಳಿಸುವುದು ಮಾತ್ರ ಬೇರೆ ವಿಷಯ. ಯಾರಿಗೂ ಏಕಸ್ವಾಮ್ಯ ಬರೆದುಕೊಡದಿದ್ದರೆ ಅದಕ್ಕೆ ಅಡ್ಡಿಯಿಲ್ಲ.

ಕೀವರ್ಡ್‌ಗಳಲ್ಲಿ ಇನ್ನೊಂದು ಬಗೆಯ ಪುನರಾವರ್ತನೆ ಅಡಗಿದೆ. ಚಿತ್ರಗಳು ಬೇರೆಯಾಗಿದ್ದರೂ ಮೊದಲನೆಯದಕ್ಕೆ ಬರೆದ ನಲವತ್ತು ಪದಗಳನ್ನೇ ಎಲ್ಲಕ್ಕೂ ಅಂಟಿಸಿದರೆ ಹುಡುಕಾಟದ ಯಂತ್ರದ ಕಣ್ಣಿಗೆ ಅವು ಒಂದೇ. ಅಡೋಬಿಯಲ್ಲಿ 49, ಶಟರ್‌ಸ್ಟಾಕ್‌ನಲ್ಲಿ 50 ಕೀವರ್ಡ್‌ವರೆಗೆ ಹಾಕಬಹುದು. ತುಂಬಲೇಬೇಕೆಂಬ ಹಟ ಬೇಡ. ಅಡೋಬಿಯಲ್ಲಿ ಪದಗಳ ಕ್ರಮಕ್ಕೆ ಬೆಲೆಯಿದೆ, ಮೊದಲ ಹತ್ತು ಮುಖ್ಯ. ಆ ಹತ್ತು ಪ್ರತಿ ಚಿತ್ರಕ್ಕೂ ಬೇರೆ ಇರಲಿ. ಪುಣೆ, ಮಹಾರಾಷ್ಟ್ರ, ಭಾರತ ಎಂಬ ಸಾಮಾನ್ಯ ಪದಗಳು ಹಿಂದೆ ಹೋಗಲಿ. ಪಾಲ್ಕಿ, ವಿಸರ್ಜನೆಯಂಥ ಜನಜಂಗುಳಿಯ ಚಿತ್ರಗಳನ್ನು ಸಂಪಾದಕೀಯ ಬಳಕೆಗೆಂದೇ ಕಳಿಸಬೇಕು, ವಿವರಣೆಯ ಮೊದಲಲ್ಲೇ ಊರು, ದೇಶ, ದಿನಾಂಕ ಇರಬೇಕು. ಜ್ಞಾನೇಶ್ವರರ ಪಾಲ್ಕಿ ಪುಣೆಯಲ್ಲಿ ತಂಗುವುದು ಭವಾನಿ ಪೇಟೆಯ ಪಾಲ್ಕಿ ವಿಠೋಬಾ ಗುಡಿಯಲ್ಲಿ, ತುಕಾರಾಮರದು ನಾನಾ ಪೇಟೆಯ ನಿವಡುಂಗ್ಯಾ ವಿಠೋಬಾದಲ್ಲಿ. ಇಷ್ಟನ್ನು ಸರಿಯಾಗಿ ಬರೆದ ಚಿತ್ರ, ಬರಿದೇ ‘ಪುಣೆಯ ಧಾರ್ಮಿಕ ಮೆರವಣಿಗೆ’ ಎಂಬ ನೂರು ಚಿತ್ರಗಳ ನಡುವೆ ತಾನಾಗಿ ಬೇರೆ ನಿಲ್ಲುತ್ತದೆ. ಹಬ್ಬದ ಚಿತ್ರವನ್ನು ಹಬ್ಬ ಮುಗಿದ ರಾತ್ರಿ ಆತುರದಿಂದ ಕಳಿಸಬೇಕಿಲ್ಲ. ದೀಪಾವಳಿಯ ಜಾಹೀರಾತು ಮಾಡುವವರು ಆಗಸ್ಟ್‌ನಲ್ಲೇ ಹುಡುಕಲು ಶುರುಮಾಡುತ್ತಾರೆ. ಆ ತನಕ ಸಿಗುವ ತಿಂಗಳುಗಳನ್ನು ಆರಿಸಲು ಬಳಸಿ.

ಈಗಾಗಲೇ ಒಂದೇ ಬಗೆಯ ಚಿತ್ರಗಳಿಂದ ಪೋರ್ಟ್‌ಫೋಲಿಯೊ ತುಂಬಿಸಿಕೊಂಡವರು ಒಂದು ವಾರಾಂತ್ಯ ಅದಕ್ಕೇ ಎತ್ತಿಡಿ. ನಿಮ್ಮ ಹೆಸರಿನಡಿ ಒಂದೊಂದು ವಿಷಯವನ್ನು ಹುಡುಕಿ, ಜ್ಞಾತಿಗಳಂತೆ ಗುಂಪುಗೂಡಿದ ಚಿತ್ರಗಳನ್ನು ಗುರುತಿಸಿ. ಮಾರಾಟ ಕಂಡದ್ದನ್ನು ಮುಟ್ಟಬೇಡಿ, ಅದಕ್ಕೆ ಹುಡುಕಾಟದಲ್ಲಿ ಜಾಗ ಸಿಕ್ಕಾಗಿದೆ. ವರ್ಷ ಕಳೆದರೂ ಒಂದು ಸಲವೂ ಡೌನ್‌ಲೋಡ್ ಆಗದ ಪ್ರತಿಗಳಲ್ಲಿ ಚೆನ್ನಾಗಿರುವ ಒಂದನ್ನು ಉಳಿಸಿ, ಅದರ ಶೀರ್ಷಿಕೆ, ಕೀವರ್ಡ್ ಹೊಸದಾಗಿ ಬರೆದು, ಉಳಿದವನ್ನು ತೆಗೆದುಹಾಕಿ. ಮೂಲ ಫೈಲುಗಳು ಹಾರ್ಡ್ ಡಿಸ್ಕಿನಲ್ಲಿ ಹಾಗೇ ಇರಲಿ. ಪತ್ರಿಕೆಯವರು ನೇರವಾಗಿ ಬರೆದು, ಅದೇ ದೃಶ್ಯದ ಇನ್ನೊಂದು ಫ್ರೇಮ್ ಇದೆಯೇ ಎಂದು ಕೇಳಿದಾಗ ಕಳಿಸಲು ಅವು ಬೇಕಾಗುತ್ತವೆ.